ಹದಿನೈದರ ಹರೆಯಕ್ಕೊಂದು ಕೆಲಸ

ಭಾನುವಾರದ ಪತ್ರಿಕೆಯೊಳಗೆ ಪುರವಣಿ ತಾನಾಗಿ ಬಂದು ಕೂರುವುದಿಲ್ಲ. ಬೆಳಗಿನ ಜಾವ ಬಂಡಲ್‌ಗಳು ಬಸ್ ನಿಲ್ದಾಣದ ಎದುರೋ ಶಟರ್ ಎಳೆದ ಅಂಗಡಿಯ ಕಟ್ಟೆಯ ಮೇಲೋ ಬಂದು ಬೀಳುತ್ತವೆ. ಏಜೆಂಟರು ಎಣಿಸಿ ಹಂಚುತ್ತಾರೆ. ಹುಡುಗರು ಕುಕ್ಕರಗಾಲಲ್ಲಿ ಕೂತು ಒಂದೊಂದು ಪ್ರತಿಯೊಳಗೂ ಪುರವಣಿ ತೂರಿಸುತ್ತಾರೆ, ಚೀಟಿ ಫಂಡಿನದೋ ಟ್ಯೂಷನ್ ಸೆಂಟರಿನದೋ ಪಾಂಪ್ಲೆಟ್ ಇದ್ದರೆ ಅದನ್ನೂ ಸೇರಿಸಿ ಸೈಕಲ್ಲಿಗೆ ಹೇರುತ್ತಾರೆ. ಏಳರೊಳಗೆ ಲೈನ್ ಮುಗಿಸಿ, ಮನೆಗೆ ಹೋಗಿ ಸ್ನಾನ ಮಾಡಿ, ಕಾಲೇಜಿನ ಬಸ್ ಹಿಡಿಯುವವರು ಇವರಲ್ಲಿ ಹಿಂದಿನಿಂದಲೂ ಇದ್ದಾರೆ. ‘ಪೇಪರ್ ಹಾಕುವ ಹುಡುಗ’ ಎಂಬ ಕೆಲಸ ಜಗತ್ತಿನ ಎಷ್ಟೋ ಊರುಗಳಲ್ಲಿ ಹರೆಯದವರ ಮೊದಲ ಸಂಪಾದನೆ.

ಕರ್ನಾಟಕದಲ್ಲಿ ಸೆಪ್ಟೆಂಬರ್ 4ನ್ನು ಪತ್ರಿಕಾ ವಿತರಕರ ದಿನವೆಂದು ಆಚರಿಸುತ್ತಾರೆ. ಆ ತಾರೀಖು ಬಂದದ್ದು ನ್ಯೂಯಾರ್ಕ್‌ನಿಂದ. 1833ರ ಸೆಪ್ಟೆಂಬರ್ 4ರಂದು ‘ನ್ಯೂಯಾರ್ಕ್ ಸನ್’ ಪತ್ರಿಕೆಯ ಬೆಂಜಮಿನ್ ಡೇ ಅವರು ಬಾರ್ನಿ ಫ್ಲಾಹರ್ಟಿ ಎಂಬ ಹತ್ತು ವರ್ಷದ ಹುಡುಗನನ್ನು ಪತ್ರಿಕೆ ಮಾರಲು ನೇಮಿಸಿಕೊಂಡರು. ನಮ್ಮವರಿಗೆ ಹೆಚ್ಚು ಗೊತ್ತಿರುವುದು ರಾಮೇಶ್ವರದ ಕತೆ. ಎರಡನೇ ಮಹಾಯುದ್ಧದ ಕಾಲದಲ್ಲಿ ರಾಮೇಶ್ವರದಲ್ಲಿ ರೈಲು ನಿಲ್ಲುವುದು ರದ್ದಾಯಿತು. ಪತ್ರಿಕೆಯ ಕಟ್ಟುಗಳನ್ನು ಓಡುವ ಗಾಡಿಯಿಂದಲೇ ಎಸೆಯುತ್ತಿದ್ದರು. ಪತ್ರಿಕೆ ಹಂಚುತ್ತಿದ್ದ ಸಂಬಂಧಿ ಸಂಸುದ್ದೀನರಿಗೆ ಆ ಕಟ್ಟುಗಳನ್ನು ಹಿಡಿದುಕೊಡುವ ಸಹಾಯಕ ಬೇಕಾದ. ಬಾಲಕ ಅಬ್ದುಲ್ ಕಲಾಂ ಅವರಿಗೆ ಸಿಕ್ಕ ಮೊದಲ ಕೂಲಿ ಅದೇ. ಅದಕ್ಕೂ ಮುಂಚೆ ಹುಣಸೆಬೀಜಕ್ಕೆ ಇದ್ದಕ್ಕಿದ್ದಂತೆ ಬೇಡಿಕೆ ಬಂದಾಗ ಆಯ್ದು ತಂದು ಅಂಗಡಿಗೆ ಮಾರಿ ದಿನಕ್ಕೆ ಒಂದಾಣೆ ಗಳಿಸಿದ್ದನ್ನೂ ಅವರು ತಮ್ಮ ಆತ್ಮಕತೆಯಲ್ಲಿ ಬರೆದುಕೊಂಡಿದ್ದಾರೆ.

ಕಲಾಂ ಅವರ ಕತೆಯನ್ನು ಮಕ್ಕಳಿಗೆ ಹೇಳದ ಶಾಲೆ ಇಲ್ಲ. ಅದೇ ಶಾಲೆಯ ಹತ್ತನೇ ಕ್ಲಾಸಿನ ಹುಡುಗ ಸಂಜೆ ಮನೆಗೆ ಬಂದು ‘ಅಪ್ಪಾ, ರಜದಲ್ಲಿ ಎಲ್ಲಾದ್ರೂ ಕೆಲಸಕ್ಕೆ ಹೋಗ್ಲಾ?’ ಎಂದರೆ ಮಾತ್ರ ಮನೆ ಗಲಿಬಿಲಿಗೊಳ್ಳುತ್ತದೆ. ‘ಯಾಕೋ, ನಮ್ಮನೇಲಿ ಊಟಕ್ಕೇನು ಕಡಿಮೆ ಆಗಿದೆ?’ ಎಂದು ಅಜ್ಜಿ. ‘ನೋಡಿದೋರು ಏನಂದ್ಕೋತಾರೆ?’ ಎಂದು ಅಮ್ಮ. ‘ಮೊದ್ಲು ಮಾರ್ಕ್ಸ್ ತೆಗಿ’ ಎಂದು ಅಪ್ಪ. ಹುಡುಗ ಕೇಳಿದ್ದು ದುಡ್ಡಿಗಾಗಿಯೋ, ಬೇಸರ ಕಳೆಯಲಿಕ್ಕೋ, ಗೆಳೆಯ ಹೋಗುತ್ತಾನೆ ಎಂಬ ಕಾರಣಕ್ಕೋ ಎಂದು ವಿಚಾರಿಸುವಷ್ಟು ದೂರ ಮಾತು ಹೋಗುವುದೇ ಇಲ್ಲ.

ನಮ್ಮಲ್ಲಿ ಹದಿನೈದು ವರ್ಷದವರ ದುಡಿಮೆಗೆ ಎರಡೇ ಅಂಚು. ಒಂದು ಕಡೆ, ಓದು ಬಿಟ್ಟು ಬೆಳಗಿನಿಂದ ರಾತ್ರಿಯವರೆಗೆ ಹೋಟೆಲಿನಲ್ಲೋ ಗಾರೆ ಕೆಲಸದಲ್ಲೋ ಸವೆಯುವ ಮಕ್ಕಳು. ಇನ್ನೊಂದು ಕಡೆ, ಅಂಗಡಿಗೆ ಹೋಗಿ ಅರ್ಧ ಕೆ.ಜಿ. ಸಕ್ಕರೆ ತರುವುದಕ್ಕೂ ಆ್ಯಪ್ ತೆರೆಯುವ ಮಕ್ಕಳು. ಓದಿನ ಜೊತೆಗೆ ವಾರಕ್ಕೆ ಒಂದಷ್ಟು ಗಂಟೆ ಸಂಬಳಕ್ಕೆ ದುಡಿಯುವ ನಡುವಿನ ಜಾಗ ಹೆಚ್ಚೂ ಕಡಿಮೆ ಖಾಲಿ. ಮಗನಿಗೋ ಮಗಳಿಗೋ ಮೊದಲ ಕೆಲಸ ಹುಡುಕಿಕೊಡಲು ಹೊರಟ ತಂದೆತಾಯಿ ಆ ಜಾಗವನ್ನು ಮೊದಲು ತಾವೇ ಮಾಡಿಕೊಳ್ಳಬೇಕಾಗುತ್ತದೆ.

ಕಾನೂನು ಬಿಡುವುದಿಲ್ಲ ಎಂದು ಹಲವರು ಅಂದುಕೊಂಡಿದ್ದಾರೆ. ಅದು ಅರ್ಧ ಮಾತ್ರ ನಿಜ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿ ಬಂತು. ಅಂದಿನಿಂದ 14 ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಶಾಲೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಸ್ವಂತ ಮನೆಯ ಅಪಾಯವಿಲ್ಲದ ಉದ್ಯೋಗಕ್ಕೆ ಕೈಜೋಡಿಸುವುದು, ಸಿನಿಮಾ–ಧಾರಾವಾಹಿಗಳಲ್ಲಿ ಅಭಿನಯಿಸುವುದು, ಇವೆರಡಕ್ಕೆ ಮಾತ್ರ ಷರತ್ತಿನ ವಿನಾಯಿತಿ. 14ರಿಂದ 18ರವರೆಗಿನವರನ್ನು ಕಾಯ್ದೆ ‘ಕಿಶೋರ’ರೆಂದು ಬೇರೆಯಾಗಿ ಗುರುತಿಸಿತು. ಗಣಿ, ಸ್ಫೋಟಕ, ಬೇಗ ಹೊತ್ತಿಕೊಳ್ಳುವ ವಸ್ತು, ಅಪಾಯಕಾರಿ ರಾಸಾಯನಿಕ ಪ್ರಕ್ರಿಯೆ ಇಂಥವು ಅವರಿಗೆ ನಿಷಿದ್ಧ. ಉಳಿದ ಕೆಲಸ ಮಾಡಬಹುದು, ಆದರೆ ಗಡಿಯಾರ ನೋಡಿಕೊಂಡು.

ಗಡಿಯಾರದ ಲೆಕ್ಕ ಹೀಗಿದೆ. ಒಂದೇ ಸಮನೆ ಮೂರು ಗಂಟೆಗಿಂತ ಹೆಚ್ಚು ಕೆಲಸವಿಲ್ಲ. ಆಮೇಲೆ ಕನಿಷ್ಠ ಒಂದು ಗಂಟೆ ಬಿಡುವು. ಬಿಡುವು, ಕಾಯುವ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು. ಓವರ್‌ಟೈಮ್ ಇಲ್ಲ. ವಾರಕ್ಕೆ ಒಂದು ಪೂರ್ತಿ ರಜೆ. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸವೇ ಕೂಡದು. ಬೇಸಿಗೆ ರಜೆಯಲ್ಲಿ ಅಂಗಡಿಗೆ ಹತ್ತಕ್ಕೆ ಹೋದವನು ಒಂದರವರೆಗೆ ಕೆಲಸ ಮಾಡಿ, ಎರಡರವರೆಗೆ ಊಟ–ವಿಶ್ರಾಂತಿ ಮುಗಿಸಿ, ನಾಲ್ಕಕ್ಕೆ ಮನೆ ಸೇರಬೇಕು. ಶಾಲೆಯ ದಿನಗಳಲ್ಲಿ ನಾಲ್ಕೂವರೆಗೆ ಬಿಟ್ಟು ಬಂದವನಿಗೆ ಸಿಗುವುದು ಏಳರವರೆಗಿನ ಎರಡೂವರೆ ಗಂಟೆ.

ಅಂಗಡಿಯವರ ತಕರಾರು ಇಲ್ಲೇ. ಕಿರಾಣಿ ಅಂಗಡಿಗೆ, ಬೇಕರಿಗೆ, ಬಟ್ಟೆ ಅಂಗಡಿಗೆ ಜನ ಮುಗಿಬೀಳುವುದೇ ಸಂಜೆ ಆರರ ಮೇಲೆ. ವ್ಯಾಪಾರ ಏರುವ ಹೊತ್ತಿಗೆ ಮನೆಗೆ ಹೊರಡುವ ಹುಡುಗ ಅವರಿಗೆ ಯಾಕೆ ಬೇಕು? ಇನ್ನು ಮುಂಜಾನೆಯ ಪತ್ರಿಕೆ ಹಂಚಿಕೆ. ಎಂಟರ ಗೆರೆಯನ್ನು ಅಕ್ಷರಶಃ ಹಿಡಿದರೆ, ಆ ಗೆರೆಗೆ ಮೊದಲೇ ಮುಗಿದುಹೋಗುವ ಈ ಕೆಲಸವೂ ಹದಿನೈದರವರ ಕೈತಪ್ಪುತ್ತದೆ. ಕಲಾಂ ಅವರ ಉದಾಹರಣೆ ಕೊಟ್ಟು ಮಗನನ್ನು ಪೇಪರ್ ಲೈನಿಗೆ ಕಳಿಸುವ ತಂದೆ ಇದನ್ನೂ ತಿಳಿದಿರಬೇಕು.

ಮಾಲೀಕರ ಅಂಜಿಕೆಗೂ ಕಾರಣವಿದೆ. 14 ತುಂಬದವರನ್ನು ದುಡಿಸಿಕೊಂಡರೆ ಅಥವಾ ಕಿಶೋರರನ್ನು ಅಪಾಯದ ಕೆಲಸಕ್ಕೆ ಹಚ್ಚಿದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಕಿಶೋರರನ್ನು ಇಟ್ಟುಕೊಂಡವರು ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರ್‌ಗೆ ಲಿಖಿತ ಮಾಹಿತಿ ಕೊಡಬೇಕು. ಹೆಸರು, ಹುಟ್ಟಿದ ದಿನ, ಕೆಲಸದ ಹೊತ್ತು, ಬಿಡುವು ಇವನ್ನೆಲ್ಲ ರಿಜಿಸ್ಟರಿನಲ್ಲಿ ಬರೆದಿಡಬೇಕು. ಒಬ್ಬ ಹುಡುಗನ ಎರಡು ತಿಂಗಳ ಕೆಲಸಕ್ಕೆ ಇಷ್ಟೆಲ್ಲ ಯಾರು ಮಾಡುತ್ತಾರೆ? ‘ಹದಿನೆಂಟು ತುಂಬಿದ ಮೇಲೆ ಬಾರಪ್ಪ’ ಎನ್ನುವುದೇ ಸುಲಭ. ಕಾಯ್ದೆ ಕೆಟ್ಟದ್ದೇನಲ್ಲ. ಓದು ಬಿಡಿಸಿ ದುಡಿಸುವವರನ್ನು ತಡೆಯಲು ಅದು ಬೇಕೇ ಬೇಕು. ಆದರೆ ಓದುತ್ತ ದುಡಿಯಬಯಸುವವನಿಗೆ ಅದು ತೆರೆದಿಟ್ಟ ಕಿರುಬಾಗಿಲನ್ನು ಅಂಗಡಿಯವರಾಗಲಿ ಶಾಲೆಯಾಗಲಿ ಇಲಾಖೆಯಾಗಲಿ ಯಾರೂ ತೋರಿಸುತ್ತಿಲ್ಲ.

ಹಿಂದಿನವರ ಮಾತು ಬಂದಾಗ ತುಸು ಎಚ್ಚರ ಬೇಕು. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ನಿಭಾಯಿಸಿಕೊಂಡರು, 1881ರಲ್ಲಿ ಬಿ.ಎ. ಮುಗಿಸಿದರು. ಎಸ್.ಎಲ್. ಭೈರಪ್ಪನವರ ಹುಡುಗತನದಲ್ಲಿ ಊದಿನಕಡ್ಡಿ ಮಾರಿದ್ದು, ಸಿನಿಮಾ ಟೆಂಟಿನ ಬಾಗಿಲು ಕಾದದ್ದು, ಮುಂಬಯಿಯ ರೈಲು ನಿಲ್ದಾಣದಲ್ಲಿ ಹಮಾಲಿ ಮಾಡಿದ್ದು ಎಲ್ಲವೂ ಇದೆ. ಕರಾವಳಿಯಿಂದ ಮುಂಬಯಿಗೆ ಹೋಗಿ ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಯಲ್ಲಿ ಕೂತ ಹುಡುಗರಿಗೆ ಲೆಕ್ಕವಿಲ್ಲ. ಆ ನಗರದಲ್ಲಿ ಕನ್ನಡದ ರಾತ್ರಿಶಾಲೆಗಳು ಬೆಳೆದದ್ದೇ ಅವರಿಂದ. ಇವರಲ್ಲಿ ಯಾರಿಗೂ ‘ಅನುಭವ ಆಗಲಿ’ ಎಂಬ ಹಂಬಲವಿರಲಿಲ್ಲ, ಹೊಟ್ಟೆಪಾಡು ಇತ್ತು. ಮೇಲೆ ಬಂದವರ ಆತ್ಮಕತೆ ನಮ್ಮ ಕಪಾಟಿನಲ್ಲಿದೆ. ಅದೇ ಟೇಬಲ್ ಒರೆಸುತ್ತಲೇ ಉಳಿದುಹೋದವರ ಕತೆಯನ್ನು ಯಾರೂ ಅಚ್ಚು ಹಾಕಿಸಿಲ್ಲ. ‘ನಾವು ಕಷ್ಟಪಟ್ಟಿದ್ವಿ, ನೀನೂ ಪಡು’ ಎಂಬ ತರ್ಕ ಹದಿನೈದರ ಕೆಲಸಕ್ಕೆ ತಕ್ಕುದಲ್ಲ.

ಹಾಗಾದರೆ ಜಾಗ ಎಲ್ಲಿ? ಕ್ಯಾಲೆಂಡರ್ ನೋಡಿದರೆ ಒಂದು ಕಡೆ ಸ್ಪಷ್ಟವಾಗಿ ಕಾಣುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ, ಪಿಯು ತರಗತಿ ಜೂನ್‌ಗೆ ಶುರು. ಈ ನಡುವಿನ ಎರಡು ತಿಂಗಳು ಶಾಲೆಯೂ ಇಲ್ಲದ ಕಾಲೇಜೂ ಇಲ್ಲದ ಕಾಲ. ನೀಟ್, ಜೆಇಇ ಕೋಚಿಂಗ್‌ನವರು ‘ಬ್ರಿಡ್ಜ್ ಕೋರ್ಸ್’ ಎಂದು ಕಣ್ಣುಹಾಕಿರುವುದೂ ಇದೇ ತಿಂಗಳುಗಳ ಮೇಲೆ. ಅವರಿಗಿಂತ ಮೊದಲು ಯಾರಾದರೂ ಮಕ್ಕಳನ್ನು ವಿಚಾರಿಸಿದರೆ ಒಳ್ಳೆಯದು.

ಅದೃಷ್ಟಕ್ಕೆ ಅದೇ ಹೊತ್ತಿಗೆ ಕೈ ಸಾಲದೆ ಒದ್ದಾಡುವ ವ್ಯಾಪಾರಗಳೂ ಇವೆ. ಮೇ ಕೊನೆಯ ವಾರ ಬೆಂಗಳೂರಿನ ಅವೆನ್ಯೂ ರಸ್ತೆಯ ಪುಸ್ತಕದ ಅಂಗಡಿಗಳ ಮುಂದೆ ನಿಂತು ನೋಡಬೇಕು. ಪಠ್ಯಪುಸ್ತಕ, ನೋಟ್‌ಬುಕ್, ಗ್ರಾಫ್ ಹಾಳೆಯ ಪಟ್ಟಿ ಹಿಡಿದ ಪೋಷಕರು ಕೌಂಟರಿಗೆ ಒತ್ತಿಕೊಂಡು ನಿಂತಿರುತ್ತಾರೆ. ಸಣ್ಣ ಊರಿನ ಸ್ಟೇಷನರಿ ಅಂಗಡಿಯಲ್ಲೂ ಜೂನ್ ಮೊದಲ ಹದಿನೈದು ದಿನ ಇದೇ ನೂಕುನುಗ್ಗಲು. ಏಳನೇ ತರಗತಿಗೆ ಯಾವ ಪುಸ್ತಕ, ನಾಲ್ಕು ಗೆರೆಯ ನೋಟ್‌ಬುಕ್ ಯಾರಿಗೆ ಬೇಕು, ಲ್ಯಾಬ್ ರೆಕಾರ್ಡ್ ಯಾವ ಅಳತೆಯದು ಎಂದು ಹೇಳಲು ಮೊನ್ನೆ ಮೊನ್ನೆ ಶಾಲೆ ಮುಗಿಸಿದವರಿಗಿಂತ ತಿಳಿದವರು ಯಾರು? ಪಟ್ಟಿ ಓದಿ ಪುಸ್ತಕ ಜೋಡಿಸುವುದು, ಬೈಂಡ್ ಹಾಕುವುದು, ಲೇಬಲ್ ಅಂಟಿಸುವುದು ಹಗಲಿನ ಕೆಲಸ, ಅಪಾಯವಿಲ್ಲದ ಕೆಲಸ. ಬೈಂಡ್ ಹಾಕಲು ಪುಸ್ತಕಕ್ಕಿಷ್ಟು ಎಂದು ಮಾತಾಡಿಕೊಂಡು ಅಕ್ಕಪಕ್ಕದ ಮನೆಗಳಿಂದ ತಂದು ಮಾಡಿದರೆ ಅಂಗಡಿಯ ಹಂಗೂ ಇಲ್ಲ.

ಸೈಬರ್ ಸೆಂಟರ್‌ಗಳದು ಇನ್ನೊಂದು ಸುಗ್ಗಿ. ಫಲಿತಾಂಶದ ನಂತರ ಕಾಲೇಜು ಅರ್ಜಿ, ಜಾತಿ–ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ ಎಂದು ತಾಲ್ಲೂಕು ಕಚೇರಿಯ ಎದುರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಸಾಲು ಹೊರಗಿನ ರಸ್ತೆಗೆ ಬಂದಿರುತ್ತದೆ. ‘ನುಡಿ’ಯಲ್ಲಿ ತಪ್ಪಿಲ್ಲದೆ ಕನ್ನಡ ಟೈಪ್ ಮಾಡುವ ಹುಡುಗಿಗೆ ಅಲ್ಲಿ ಬೆಲೆ ಇದೆ. ಸ್ಕ್ಯಾನ್ ಮಾಡುವುದು, ಫೋಟೊದ ಗಾತ್ರ ಇಳಿಸುವುದು, ಅರ್ಜಿಯ ಹೆಸರು ಆಧಾರ್‌ಗೆ ಹೊಂದುತ್ತದೆಯೇ ಎಂದು ನೋಡುವುದು ಒಂದು ವಾರದಲ್ಲಿ ಕಲಿಯುವಂಥದ್ದು. ಒಂದು ಮಾತನ್ನು ಮಾತ್ರ ಮೊದಲೇ ಹೇಳಿ ಕಳಿಸಬೇಕು: ಬೇರೆಯವರ ಒಟಿಪಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬಾರದು, ಮಾಲೀಕರು ಹೇಳಿದರೂ.

ಮಲೆನಾಡಿನ ಹುಡುಗರಿಗೆ ಈ ಪಾಠ ಹೊಸದಲ್ಲ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದಷ್ಟಕ್ಕೆ ಕೂಲಿ ಎಣಿಸಿಕೊಂಡು, ಆ ದುಡ್ಡಿನಲ್ಲಿ ಕಾಲೇಜಿನ ಫೀಸು ಕಟ್ಟಿದವರು ಅಲ್ಲಿ ಊರೂರಿಗೆ ಸಿಗುತ್ತಾರೆ. ಆದರೆ ಸುಲಿತ ಸಾಮಾನ್ಯವಾಗಿ ರಾತ್ರಿಯ ಕೆಲಸ, ಕತ್ತಿಯೂ ಹರಿತ. ತಮ್ಮದೇ ಮನೆಯ ಅಂಗಳದಲ್ಲಿ ದೊಡ್ಡವರ ಪಕ್ಕ ಕೂತು ಕಲಿಯುವುದು ಬೇರೆ, ಬೇರೆಯವರ ಕಣದಲ್ಲಿ ನಡುರಾತ್ರಿವರೆಗೆ ಸುಲಿಯುವುದು ಬೇರೆ.

ಪಟ್ಟಣಗಳಲ್ಲಿ ಇನ್ನೂ ಸಣ್ಣಪುಟ್ಟದ್ದಿದೆ. ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಿಗೆ ಹೋಂವರ್ಕ್ ಮಾಡಿಸುವುದು, ಊರಿಗೆ ಹೋದವರ ಮನೆಯ ಗಿಡಕ್ಕೆ ನೀರು ಹಾಕುವುದು, ಅಪಾರ್ಟ್‌ಮೆಂಟಿನಲ್ಲಿ ನಾಯಿ ಸುತ್ತಾಡಿಸುವುದು, ಅಜ್ಜ ಅಜ್ಜಿಯರಿಗೆ ಫೋನಿನಲ್ಲಿ ಕರೆಂಟ್ ಬಿಲ್ ಕಟ್ಟಿಕೊಡುವುದು. ಬಸವನಗುಡಿಯ ಕಡಲೆಕಾಯಿ ಪರಿಷೆ ಕಾರ್ತಿಕದ ಕೊನೆಯ ಸೋಮವಾರಕ್ಕೆ ಬರುತ್ತದೆ, ಮೈಸೂರಿನಲ್ಲಿ ದಸರಾ ವಸ್ತುಪ್ರದರ್ಶನ ಇರುತ್ತದೆ. ಪರಿಚಿತರ ಮಳಿಗೆಯಲ್ಲಿ ಹಗಲು ಹೊತ್ತು ನಿಂತು ಚಿಲ್ಲರೆ ಎಣಿಸಿದವರಿಗೆ ಬಾಯಿಲೆಕ್ಕ ಬೇಗ ಬರುತ್ತದೆ.

ಬೇಡದ ಕೆಲಸಗಳನ್ನೂ ಹೆಸರು ಹಿಡಿದು ಹೇಳಬೇಕು. ದೀಪಾವಳಿಯ ಪಟಾಕಿ ಮಳಿಗೆ ನಾಲ್ಕು ದಿನದ್ದಾದರೂ ಬೇಡ, ಅದು ಸ್ಫೋಟಕ. ಪೆಟ್ರೋಲ್ ಬಂಕ್ ಬೇಡ. ಬಿಳಿ ಅಂಗಿ ತೊಡಿಸಿ ಛತ್ರದಲ್ಲಿ ಬಡಿಸಲು ಕರೆದೊಯ್ಯುವ ಕೇಟರಿಂಗ್‌ನವರು ಲಗ್ನದ ದಿನಗಳಲ್ಲಿ ಪಿಯು ಕಾಲೇಜಿನ ಗೇಟಿನಲ್ಲೇ ಹುಡುಗರನ್ನು ಹುಡುಕುತ್ತಾರೆ. ದುಡ್ಡು ಅಂದೇ ಕೈಗೆ ಬರುತ್ತದೆ, ಹೊಟ್ಟೆ ತುಂಬ ಊಟ. ಆದರೆ ಆರತಕ್ಷತೆ ಶುರುವಾಗುವುದೇ ಸಂಜೆ ಏಳಕ್ಕೆ, ಕಾನೂನು ಮನೆಗೆ ಹೋಗು ಎನ್ನುವುದೂ ಏಳಕ್ಕೇ. ಕುದಿಯುವ ಸಾರಿನ ಬಕೆಟ್ ಹಿಡಿದು ಓಡಾಡುವುದು, ಮುಗಿಯುವಾಗ ಹನ್ನೊಂದಾಗುವುದು, ಬಸ್ ಇಲ್ಲದಿರುವುದು ಇವೆಲ್ಲ ಅದರ ಮೇಲಿನ ಮಾತು. ಹಗಲಿನ ಮದುವೆಯ ಊಟಕ್ಕೆ ಎಲೆ ಹಾಕಿ ನೀರು ಕೊಡುವುದಾದರೆ ಒಪ್ಪಬಹುದು.

ಸ್ಕೂಟರ್ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ‘ಇಲ್ಲೇ ಪಕ್ಕದ ಬೀದಿಗೆ ಪಾರ್ಸೆಲ್ ಕೊಟ್ಟು ಬಾ’ ಎಂದು ಮಾಲೀಕರು ಕೀಲಿ ಕೊಡುತ್ತಾರೆ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರು ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25 ಸಾವಿರ ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಣ್ಣನ ಹೆಸರಿನ ಐಡಿಯಲ್ಲಿ ಡೆಲಿವರಿ ಆ್ಯಪ್ ಓಡಿಸುವ ಉಪಾಯ ಹೇಳಿಕೊಡುವ ಗೆಳೆಯರಿದ್ದರೆ, ಈ ಲೆಕ್ಕವನ್ನು ಅವರ ಮುಂದೆಯೂ ಇಡಬಹುದು.

ಇಷ್ಟೆಲ್ಲ ಓಡಾಡುವುದಕ್ಕಿಂತ ಫೋನಿನಲ್ಲೇ ಕೆಲಸ ಹುಡುಕೋಣ ಎನ್ನಿಸುವುದು ಸಹಜ. ಆದರೆ ‘ಪಾರ್ಟ್‌ಟೈಮ್ ಜಾಬ್’ ಎಂಬ ಎರಡು ಪದ ಇಂದು ಕರ್ನಾಟಕದ ಮನೆಗಳಿಗೆ ಬರುವುದು ಬಹುತೇಕ ಮೋಸದ ಮೆಸೇಜಿನ ರೂಪದಲ್ಲಿ. ವಾಟ್ಸ್‌ಆ್ಯಪ್‌ನಲ್ಲಿ ಗುರುತಿಲ್ಲದ ನಂಬರಿನಿಂದ ಒಂದು ಸಂದೇಶ: ಮನೆಯಲ್ಲೇ ಕೂತು ವಿಡಿಯೊಗೆ ಲೈಕ್ ಒತ್ತಿ, ಹೋಟೆಲಿಗೆ ರೇಟಿಂಗ್ ಕೊಡಿ, ದಿನಕ್ಕೆ ಸಾವಿರಾರು ರೂಪಾಯಿ ಗಳಿಸಿ. ಮೊದಲೆರಡು ‘ಟಾಸ್ಕ್’ಗೆ ನಿಜವಾಗಿ ನೂರಿನ್ನೂರು ಖಾತೆಗೆ ಬೀಳುತ್ತದೆ. ಆಮೇಲೆ ಟೆಲಿಗ್ರಾಂ ಗುಂಪಿಗೆ ಸೇರಿಸಿ, ದೊಡ್ಡ ಟಾಸ್ಕ್‌ಗೆ ಮುಂಗಡ ಕಟ್ಟಿ ಎನ್ನುತ್ತಾರೆ. ಕಟ್ಟಿದ್ದು ಹಿಂದೆ ಬರಬೇಕಾದರೆ ಇನ್ನಷ್ಟು ಕಟ್ಟಬೇಕು. ಓದಿದವರು, ಸಾಫ್ಟ್‌ವೇರ್‌ನವರು ಲಕ್ಷಗಟ್ಟಲೆ ಕಳೆದುಕೊಂಡಿರುವಾಗ ಹದಿನೈದರವರು ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಇದಕ್ಕಿಂತ ಕೆಟ್ಟದ್ದು, ‘ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಬಾಡಿಗೆಗೆ ಕೊಡು, ಕಮಿಷನ್ ಕೊಡ್ತೀವಿ’ ಎಂಬ ಕೋರಿಕೆ. ವಂಚಕರು ಕದ್ದ ಹಣ ಹಾಯಿಸಲು ಬಳಸುವುದು ಅಂಥ ಖಾತೆಗಳನ್ನೇ. ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಕೆಲಸ ಕೊಡುವವರು ಸಂಬಳ ಕೊಡುತ್ತಾರೆ, ಡಿಪಾಸಿಟ್ ಕೇಳುವುದಿಲ್ಲ. ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ ತಕ್ಷಣ 1930ಕ್ಕೆ ಫೋನ್ ಮಾಡಬೇಕು. ತಡವಾದಷ್ಟೂ ದುಡ್ಡು ಕೈಗೆ ಸಿಗದಷ್ಟು ದೂರ ಹೋಗುತ್ತದೆ.

ಯೂಟ್ಯೂಬ್ ಕನಸಿನವರಿಗೂ ಒಂದು ಮಾತು. ಚಾನೆಲ್‌ನ ಜಾಹೀರಾತು ಹಣ ಪಡೆಯಲು 18 ತುಂಬಿರಬೇಕು, ಇಲ್ಲವೇ ತಂದೆತಾಯಿಯ ಖಾತೆಯ ಮೂಲಕ ಬರಬೇಕು.

ತೆರೆಯ ಮೇಲಿನ ಮಕ್ಕಳ ವಿಷಯದಲ್ಲಿ ನಿಯಮಗಳು ಎಷ್ಟು ಬಿಗಿ ಎಂಬುದನ್ನು ರಿಯಾಲಿಟಿ ಶೋ ನೋಡುವ ನಮಗೆ ಯಾರೂ ಹೇಳುವುದಿಲ್ಲ. ಬಾಲಕಲಾವಿದರನ್ನು ಚಿತ್ರೀಕರಣಕ್ಕೆ ಬಳಸಲು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚಿಲ್ಲ, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚಿಲ್ಲ, ಒಂದೇ ಸಮನೆ 27 ದಿನಕ್ಕಿಂತ ಹೆಚ್ಚಿಲ್ಲ. ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿಗೇ ನಿಶ್ಚಿತ ಠೇವಣಿ ಇಡಬೇಕು. ಮಗು ವಯಸ್ಕನಾದ ಮೇಲೆ ಅದು ಕೈಗೆ ಬರುತ್ತದೆ. ಬೆಳಕಿನ ಎದುರು ಕುಣಿಯುವ ಮಗುವಿನ ಗಳಿಕೆಗೆ ಈ ಕಾವಲಿದೆ. ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಹುಡುಗನ ಕೂಲಿಗೆ ಇಲ್ಲ. ಅದನ್ನು ಅಪ್ಪ–ಅಮ್ಮನೇ ಮಾಡಬೇಕು.

ಕೆಲಸ ಕೇಳುವವರು ಯಾರು? ಅಪ್ಪ ಫೋನ್ ಮಾಡಿ ‘ನಮ್ ಹುಡುಗನ್ನ ಎರಡು ತಿಂಗಳು ಕೂರಿಸ್ಕೊಳ್ಳಿ’ ಎಂದರೆ ಅಲ್ಲಿಗೆ ಅದು ಮುಲಾಜು. ಮಾಲೀಕರು ಹುಡುಗನಿಗೆ ಕೆಲಸ ಹೇಳುವುದಿಲ್ಲ, ಕಾಫಿ ತರಿಸಿಕೊಡುತ್ತಾರೆ. ಕೇಳುವುದನ್ನು ಮಕ್ಕಳಿಗೇ ಬಿಡಬೇಕು. ಗಿರಾಕಿ ಕಡಿಮೆ ಇರುವ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗಿ, ಹೆಸರು, ಓದು, ಯಾವ ತಿಂಗಳು ಯಾವ ಹೊತ್ತು ಬರಬಲ್ಲೆ, ಏನು ಬರುತ್ತದೆ ಎಂದು ನಾಲ್ಕು ಮಾತು ಹೇಳಲು ಮನೆಯಲ್ಲೇ ಅಭ್ಯಾಸ ಮಾಡಿಸಬಹುದು. ಮೊದಲ ಮೂರು ಅಂಗಡಿ ಬೇಡ ಎನ್ನುತ್ತವೆ. ಆ ‘ಬೇಡ’ವನ್ನು ಕೇಳಿಸಿಕೊಂಡು ನಾಲ್ಕನೆಯದಕ್ಕೆ ಹೋಗುವುದು ಸಂಬಳಕ್ಕಿಂತ ಮೊದಲ ಗಳಿಕೆ.

ದೊಡ್ಡವರ ಪಾಲು ಆಮೇಲೆ. ಕೆಲಸ ಒಪ್ಪುವ ಮೊದಲು ಒಮ್ಮೆ ಹೋಗಿ ಜಾಗ ನೋಡಬೇಕು: ಬಾಗಿಲು ರಸ್ತೆಗೆ ತೆರೆದಿದೆಯೇ, ಜೊತೆಗೆ ಯಾರಿರುತ್ತಾರೆ, ಶೌಚಾಲಯ ಇದೆಯೇ, ಮಳೆ ಬಂದರೆ ಮನೆಗೆ ಬರುವುದು ಹೇಗೆ. ಮಗಳಾದರೆ ಈ ಪ್ರಶ್ನೆಗಳು ಇನ್ನೂ ಗಟ್ಟಿ. ಮಗನಾದರೆ ಕೇಳದೇ ಬಿಡುವುದೂ ತಪ್ಪೇ. ತೊಂದರೆಯಾದರೆ 1098 ಮಕ್ಕಳ ಸಹಾಯವಾಣಿ ಇದೆ ಎಂಬುದು ಮಕ್ಕಳಿಗೆ ಬಾಯಿಪಾಠವಾಗಿರಲಿ. ಗಂಟೆಗಿಷ್ಟೋ ದಿನಕ್ಕಿಷ್ಟೋ ಎಂಬುದು ಮೊದಲ ದಿನವೇ ಬಾಯಿಬಿಟ್ಟು ಮಾತಾಗಬೇಕು. ‘ನೋಡ್ಕೊಂಡ್ ಕೊಡೋಣ’ ಎಂಬ ಮಾತಿನಲ್ಲಿ ನೋಡಿಕೊಳ್ಳುವುದು ಇರುತ್ತದೆ, ಕೊಡುವುದು ಇರುವುದಿಲ್ಲ. ಬಾಂಡ್ ಬರೆಸಿಕೊಳ್ಳುತ್ತೇವೆ ಎಂದವರ ಕಡೆ ತಿರುಗಿ ನೋಡಬಾರದು. 18 ತುಂಬದವರು ಮಾಡಿಕೊಂಡ ಒಪ್ಪಂದ ನಿಲ್ಲುವುದಿಲ್ಲ ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿದೆ. ತಂದೆತಾಯಿ ಮುಂಗಡ ಪಡೆದು ಮಗುವನ್ನು ಕಳಿಸುವುದಂತೂ 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಕಡೆಗೆ ನಡೆದಂತೆ.

ಊರು ಬಿಟ್ಟು ದೂರ ಹೋದ ಕನ್ನಡಿಗರ ಮನೆಗಳಲ್ಲಿ ಈ ಮಾತುಕತೆ ಬೇರೆ ದಿಕ್ಕಿಗೆ ತಿರುಗುತ್ತದೆ. ಅಮೆರಿಕದಲ್ಲಿ ಹೈಸ್ಕೂಲಿನವರು ದುಡಿಯುವುದು ಮಾಮೂಲು. ಎನ್ವಿಡಿಯಾ ಕಂಪನಿ ಕಟ್ಟಿದ ಜೆನ್ಸನ್ ಹುವಾಂಗ್ ಹದಿನೈದರಲ್ಲಿ ಪೋರ್ಟ್‌ಲ್ಯಾಂಡಿನ ಡೆನ್ನೀಸ್ ಹೋಟೆಲಿನಲ್ಲಿ ಪಾತ್ರೆ ತೊಳೆದವರು. ಅಲ್ಲಿನ 1938ರ ಕಾರ್ಮಿಕ ಕಾಯ್ದೆ 14–15ರವರಿಗೆ ಶಾಲೆಯ ದಿನ ಮೂರು ಗಂಟೆ, ಶಾಲೆ ಇರುವ ವಾರದಲ್ಲಿ ಒಟ್ಟು 18 ಗಂಟೆ ಬಿಡುತ್ತದೆ. ರಜೆಯ ವಾರವಾದರೆ 40. ಬೆಳಿಗ್ಗೆ ಏಳಕ್ಕೆ ಮೊದಲಿಲ್ಲ, ಸಂಜೆ ಏಳರ ನಂತರ ಇಲ್ಲ, ಬೇಸಿಗೆಯಲ್ಲಿ ಮಾತ್ರ ರಾತ್ರಿ ಒಂಬತ್ತರವರೆಗೆ ಸಡಿಲ. ನ್ಯೂಜೆರ್ಸಿಯಂಥ ರಾಜ್ಯದಲ್ಲಿ 18 ತುಂಬದವರಿಗೆ ‘ವರ್ಕಿಂಗ್ ಪೇಪರ್ಸ್’ ಬೇಕು. 2023ರಿಂದ ಅದು ಆನ್‌ಲೈನ್ ಆಗಿದೆ, ಮಾಲೀಕರು ನೋಂದಾಯಿಸಿಕೊಳ್ಳುತ್ತಾರೆ, ಮಕ್ಕಳು ಅರ್ಜಿ ಹಾಕುತ್ತಾರೆ, ಮನೆಯವರಿಗೆ ಮಾಹಿತಿ ಹೋಗುತ್ತದೆ. ನಮ್ಮ ಏಳು ಗಂಟೆಯ ಗೆರೆಗೂ ಅವರದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಗೆರೆಯೊಳಗೆ ನಿಂತು ಕೆಲಸ ಕೊಡಲು ಅಂಗಡಿಗಳು ಸಿದ್ಧವಿರುವುದರಲ್ಲಿ. ಬ್ರಿಟನ್ನಿನಲ್ಲೂ 13ರಿಂದಲೇ ಹಗುರ ಕೆಲಸಕ್ಕೆ ಅವಕಾಶವಿದೆ, ಶಾಲೆಯ ದಿನ ಎರಡು ಗಂಟೆ.

ಆದರೆ ಎಚ್–1ಬಿ ವೀಸಾದ ಕನ್ನಡ ಕುಟುಂಬಕ್ಕೆ ಅಲ್ಲಿ ಕಾದಿರುವ ಗೋಡೆ ಬೇರೆ. ಬೆಂಗಳೂರಿನಲ್ಲಿ ಹುಟ್ಟಿ ಎಚ್–4 ಅವಲಂಬಿತ ವೀಸಾದಲ್ಲಿ ಹೋದ ಮಗಳು ಹದಿನಾರಾದರೂ ಸಂಬಳಕ್ಕೆ ದುಡಿಯುವಂತಿಲ್ಲ. ಐಸ್‌ಕ್ರೀಂ ಅಂಗಡಿ, ಈಜುಕೊಳದ ಲೈಫ್‌ಗಾರ್ಡ್, ಯಾವುದೂ ಇಲ್ಲ. 2015ರಿಂದ ಎಚ್–4ನ ಕೆಲವು ಗಂಡ–ಹೆಂಡಿರಿಗೆ ಕೆಲಸದ ಪರವಾನಗಿ ಸಿಗುತ್ತದೆ. ಮಕ್ಕಳಿಗೆ ಆ ಸೌಲಭ್ಯ ಬರಲಿಲ್ಲ. ಅದೇ ಮನೆಯಲ್ಲಿ, ಎಡಿಸನ್‌ನಲ್ಲಿ ಹುಟ್ಟಿ ಅಮೆರಿಕದ ಪ್ರಜೆಯಾದ ತಮ್ಮ ಹದಿನಾಲ್ಕಕ್ಕೇ ಶನಿವಾರದ ಕೆಲಸ ಹಿಡಿಯಬಹುದು. ಅಕ್ಕನಿಗೆ ಉಳಿಯುವುದು ಲೈಬ್ರರಿಯ, ಆಸ್ಪತ್ರೆಯ, ಕನ್ನಡ ಕೂಟದ ಸಂಬಳವಿಲ್ಲದ ಸ್ವಯಂಸೇವೆ. ಅಕ್ಕನ ಎದುರು ತಮ್ಮ ತನ್ನ ಮೊದಲ ಚೆಕ್ ತೋರಿಸುವಾಗ ಅಮ್ಮ ಏನು ಹೇಳಬೇಕು ಎಂಬುದಕ್ಕೆ ವಲಸೆ ಇಲಾಖೆಯ ಬಳಿ ಉತ್ತರವಿಲ್ಲ.

ಕೊನೆಗೆ ದುಡ್ಡಿನ ಮಾತು. 10 ವರ್ಷ ದಾಟಿದ ಮಕ್ಕಳು ಸ್ವತಃ ಉಳಿತಾಯ ಖಾತೆ ತೆರೆದು ನಡೆಸಬಹುದು ಎಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ. 2025ರ ಸುತ್ತೋಲೆಯೂ ಅದನ್ನೇ ಮತ್ತೆ ಸ್ಪಷ್ಟಪಡಿಸಿತು. ಎಷ್ಟು ಹಣದವರೆಗೆ ಎಂಬುದನ್ನು ಆಯಾ ಬ್ಯಾಂಕು ಗೊತ್ತು ಮಾಡುತ್ತದೆ. ಕೆಲಸಕ್ಕೆ ಹೋಗುವ ಮೊದಲೇ ಒಂದು ಖಾತೆ ಇದ್ದರೆ ಸಂಬಳ ಯಾರ ಕೈಯಲ್ಲೂ ಕರಗುವುದಿಲ್ಲ. ತೆರಿಗೆಯ ನಿಯಮವೂ ಇಲ್ಲಿ ಸ್ವಾರಸ್ಯಕರ. ಅಪ್ರಾಪ್ತ ಮಕ್ಕಳ ಬಡ್ಡಿ, ಲಾಭಾಂಶ ಸಾಮಾನ್ಯವಾಗಿ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುತ್ತದೆ. ಮಗು ಸ್ವಂತ ದುಡಿಮೆಯಿಂದಲೋ ಪ್ರತಿಭೆಯಿಂದಲೋ ಗಳಿಸಿದ್ದು ಮಾತ್ರ ಹಾಗೆ ಸೇರುವುದಿಲ್ಲ, ಅದು ಮಗುವಿನದೇ. ವಾರೆನ್ ಬಫೆಟ್ ಹದಿಮೂರರಲ್ಲಿ, 1944ರಲ್ಲಿ, ಪತ್ರಿಕೆ ಹಂಚಿ ಬಂದ ಆದಾಯಕ್ಕೆ ತಮ್ಮ ಮೊದಲ ತೆರಿಗೆ ವಿವರ ಸಲ್ಲಿಸಿದರು. ಸೈಕಲ್ಲನ್ನು ವ್ಯವಹಾರದ ಖರ್ಚೆಂದು ತೋರಿಸಿದ್ದರು.

ತೆರಿಗೆ ಅಧಿಕಾರಿ ಬಿಟ್ಟುಕೊಟ್ಟದ್ದನ್ನು ನಮ್ಮ ಮನೆಗಳು ಬಿಟ್ಟುಕೊಡುವುದು ಕಷ್ಟ. ಮೊದಲ ಸಂಬಳ ದೇವರ ಮುಂದೆ ಇಟ್ಟದ್ದು ಅಮ್ಮನ ಡಬ್ಬಿ ಸೇರುತ್ತದೆ, ‘ನಿನಗೇ ಕೂಡಿಡ್ತೀನಿ’ ಎಂಬ ಭರವಸೆಯೊಂದಿಗೆ. ಇಲ್ಲವೇ, ‘ಈಗ ನೀನೇ ದುಡೀತೀಯಲ್ಲ’ ಎಂದು ಬಸ್ ಪಾಸಿನ ದುಡ್ಡು ನಿಲ್ಲುತ್ತದೆ. ಮನೆಗೆ ನಿಜವಾಗಿ ಅಗತ್ಯವಿದ್ದರೆ ಅದನ್ನು ಮುಚ್ಚುಮರೆಯಿಲ್ಲದೆ ಹೇಳಿ ಒಂದು ಪಾಲು ಕೇಳುವುದು ಮರ್ಯಾದೆ. ಇಲ್ಲದಿದ್ದರೆ ಅರ್ಧ ಖಾತೆಗೆ, ಅರ್ಧ ಅವರ ಇಷ್ಟಕ್ಕೆ ಎಂಬ ಒಪ್ಪಂದ ಸಾಕು. ಆ ಅರ್ಧದಲ್ಲಿ ಹುಡುಗ ದುಬಾರಿ ಶೂ ಕೊಂಡರೆ ಕೊಳ್ಳಲಿ. ಎಷ್ಟು ದಿನ ಪುಸ್ತಕಕ್ಕೆ ಬೈಂಡ್ ಹಾಕಿದರೆ ಒಂದು ಜೊತೆ ಶೂ ಬರುತ್ತದೆ ಎಂಬ ಲೆಕ್ಕ ಈಗ ಅವನಿಗೆ ಗೊತ್ತು.

ಜೂನ್‌ನಲ್ಲಿ ಕಾಲೇಜು ಶುರುವಾಗುವಾಗ ಕೆಲಸ ಬಿಡುವುದಕ್ಕೂ ಒಂದು ಕ್ರಮವಿದೆ. ಒಂದು ವಾರ ಮೊದಲೇ ಹೇಳುವುದು, ಬಾಕಿ ದುಡ್ಡು ಕೇಳಿ ಪಡೆಯುವುದು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಏನು ಕೆಲಸ ಮಾಡಿದ ಎಂದು ಅಂಗಡಿಯ ಲೆಟರ್‌ಹೆಡ್‌ನಲ್ಲಿ ಎರಡು ಸಾಲು ಬರೆಸಿಕೊಳ್ಳುವುದು. ಭಾನುವಾರ ಬೆಳಿಗ್ಗೆ ಮಾತ್ರ ಬರಬಹುದೇ ಎಂದು ಮಾಲೀಕರನ್ನು ಕೇಳುವುದಿದ್ದರೆ ಅದನ್ನೂ ಹುಡುಗನೇ ಕೇಳಲಿ. ಅಪ್ಪ ಫೋನ್ ಮಾಡುವುದು ಬೇಡ.